ಬತ್ತದ ಒರತೆ

ಫೆಬ್ರವರಿ ೯

ಸುಳ್ಳು ಹೇಳುವ ಮೊದಲು ನಾನು ಕನ್ನಡಕ ತೆಗೆದು ಒರೆಸುತ್ತೇನೆ ಎಂದು ತಮ್ಮ ಗೇಲಿ ಮಾಡುತ್ತಿದ್ದ. ಇವತ್ತು ಒರೆಸಲಿಲ್ಲ. ಅಷ್ಟು ವ್ಯವಧಾನವೂ ಇರಲಿಲ್ಲ. ಮಾತು ತಾನಾಗಿ ಬಾಯಿಂದ ಜಾರಿತು.

ಜಮೀನಿನ ಮುಂದಿನ ಐವತ್ತು ವರ್ಷ ಹೇಗಿರಬೇಕೆಂದು ಮಾತಾಡಲು ಊಟದ ಮನೆಯ ಉದ್ದ ಮೇಜಿಗೆ ಕೂತಿದ್ದೆವು. ತಮ್ಮ ಹೋದ ಮೇಲೆ ಆಸ್ತಿ ಅವನ ಮಗನ ಹೆಸರಿಗಿದೆ, ನೋಡಿಕೊಳ್ಳುವವಳು ನಾನು. ಅವನು ಪಟ್ಟಣದಿಂದ ತನ್ನ ಮಗಳನ್ನೂ, ಹಳೆಯ ಜಮೀನುಗಳಿಗೆ ಯೋಜನೆ ಬರೆದುಕೊಡುವ ಒಬ್ಬ ಹೆಂಗಸನ್ನೂ ಕರೆತಂದಿದ್ದ. ಆಕೆ ಹಾಸಿದ ನಕ್ಷೆ ಮೇಜು ಸಾಲದೆ ಅಂಚಿನಿಂದ ಇಳಿಬಿದ್ದಿತ್ತು. ಆಕೆಯ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ. ನಕ್ಷೆ ಮೇಡಂ ಎಂದೆ, ನಕ್ಕು ಒಪ್ಪಿಕೊಂಡಳು.

ಮಾತು ಮೇಲಿನ ಗುಡ್ಡಕ್ಕೆ ಬಂತು. ಮೊಮ್ಮಗಳು ಗಿಡಗಳಿಗೆ ಕಸಿ ಕಟ್ಟುವ ಕೆಲಸದಲ್ಲಿದ್ದಾಳೆ, ಕಾಯಂ ನೌಕರಿ. ಅದನ್ನು ಬಿಟ್ಟು ಬಂದು ಗುಡ್ಡದ ತುಂಬ ಹಣ್ಣಿನ ತೋಟ ಎಬ್ಬಿಸಬೇಕೆಂಬುದು ಅವಳ ಆಸೆ. ಅವಳಪ್ಪನ ಯೋಚನೆ ಬೇರೆ. "ನೀರಿದ್ರೆ ತೋಟ. ಇಲ್ದಿದ್ರೆ ಗುಡ್ಡನ ಕಲ್ಲುಕ್ವಾರಿಯವ್ರಿಗೆ ಕೊಟ್ಟು ಕೈತೊಳ್ಕೊಳ್ಳೋಣ. ಅವ್ರು ಕೇಳ್ತಾನೇ ಇದಾರೆ" ಎಂದ. ಆಗ ನಕ್ಷೆ ಮೇಡಂ ನನ್ನ ಕಡೆ ತಿರುಗಿ, ಗುಡ್ಡದ ಒರತೆ ಬೇಸಿಗೆಯಲ್ಲೂ ಹರಿಯುತ್ತದೆಯೇ ಎಂದು ಕೇಳಿದಳು.

ಸುತ್ತಲಿನವರು ನಮ್ಮನ್ನು ಬತ್ತದ ಒರತೆಯ ಮನೆಯವರು ಎಂದೇ ಕರೆಯುವುದು. ಯಾರೇ ಬರಲಿ, ಮೊದಲು ಒರತೆಯ ಕಲ್ಲುಬಾಯಿಗೆ ಕರೆದೊಯ್ದು ಒಂದು ಬೊಗಸೆ ಕುಡಿಸಿ, ಆಮೇಲೆ ಒಳಗೆ ಕೂರಿಸುತ್ತೇವೆ. ಅಜ್ಜ ಹಾಕಿಕೊಟ್ಟ ರೂಢಿ. ಇವರೂ ಬೆಳಿಗ್ಗೆ ಕುಡಿದೇ ಒಳಗೆ ಬಂದಿದ್ದರು.

"ಒಂದು ದಿನವೂ ನಿಂತಿದ್ದು ನಾನು ನೋಡಿಲ್ಲ" ಎಂದೆ.

ಮೊಮ್ಮಗಳ ಮುಖ ಅರಳಿತು. ತಮ್ಮಾ, ನೀನಿದ್ದರೂ ಇದನ್ನೇ ಹೇಳುತ್ತಿದ್ದೆ.

ಫೆಬ್ರವರಿ ೧೦

ಎಲ್ಲರೂ ಹೊರಟ ಮೇಲೆ, ಬಿಸಿಲೇರಿದಾಗ ಗುಡ್ಡ ಹತ್ತಿದೆ. ನಿನ್ನೆ ಬೆಳಿಗ್ಗೆ ಇವರು ಕುಡಿಯುವಾಗ ಬೆರಳು ದಪ್ಪ ಬರುತ್ತಿದ್ದ ಕಡೆ ಈಗ ಪಾಚಿ ಮಾತ್ರ ಒದ್ದೆ. ಇನ್ನು ಬಿಸಿಲು ಬಲಿತರೆ ಬೆಳಗಿನ ನೀರೂ ದಾರದಷ್ಟಾಗುತ್ತದೆ. ಹೋದ ಬೇಸಿಗೆಯೂ ಹೀಗೇ ಆಗಿತ್ತು. ನೆಂಟರೆಲ್ಲ ಮಳೆ ಬಿದ್ದು ಗುಡ್ಡ ಹಸಿರಾದ ಮೇಲೆ ಬರುವವರು, ಅವರಿಗೆ ಕಾಣಲಿಲ್ಲ. ಮನೆಗೆ ಬೇಕಾದ ನೀರನ್ನು ಬೆಳಿಗ್ಗೆಯೇ ತುಂಬಿಸಿಟ್ಟುಕೊಂಡು ನಾನು ಸುಮ್ಮನಿದ್ದೆ.

ನಾಳೆ ಫೋನ್ ಮಾಡಿ ಹೇಳಿಬಿಡುತ್ತೇನೆ.

ಫೆಬ್ರವರಿ ೧೫

ಹೇಳಲಿಲ್ಲ. ಫೋನ್ ಬಂದದ್ದು ಆ ಕಡೆಯಿಂದಲೇ. ನಕ್ಷೆ ಮೇಡಂ ಬೇಸಿಗೆಯಲ್ಲಿ ಆಗಾಗ ಬಂದು ಒರತೆಯನ್ನು ನೋಡಿಹೋಗುತ್ತಾಳಂತೆ, ಮೊದಲೇ ತಿಳಿಸದೆ. "ನನಗೋಸ್ಕರ ಏನೂ ತಯಾರಿ ಮಾಡ್ಬೇಡಿ" ಎಂದಳು. ಊಟದ ವಿಷಯ ಹೇಳಿದ್ದು.

ಮಧ್ಯಾಹ್ನ ಮೋಟಾರನ್ನು ಕರೆಸಿದೆ. ಮೋಟಾರು ಎಂದರೆ ನಮ್ಮಲ್ಲಿ ಪಂಪು, ಪೈಪು, ಬೀಗ, ಬಾಗಿಲು ನೋಡಿಕೊಳ್ಳುವವನು. ಆ ಹೆಸರು ಬಿದ್ದಿದ್ದು ಅವನ ಗಂಟಲಿಗೆ. ಪಿಸುಮಾತು ಅವನಿಗೆ ಹುಟ್ಟಿನಿಂದಲೇ ಬಂದಿಲ್ಲ. ಇಡೀ ಜಮೀನಿನಲ್ಲಿ ಗುಟ್ಟು ಹೇಳಲು ನನಗೆ ಅವನೇ ಗತಿಯಾದ.

ಕೆಳಗಿನ ಬಾವಿಯ ಪಂಪಿನಿಂದ ಗುಡ್ಡಕ್ಕೆ ಹಳೆಯದೊಂದು ಪೈಪು ಇದೆ, ಹಿಂದೆ ಸಸಿಗಳಿಗೆ ನೀರು ಹಾಯಿಸಲು ಎಳೆದದ್ದು. ಕಲ್ಲುಬಾಯಿಯ ಹಿಂದೆ ಚಪ್ಪಡಿ ಮುಚ್ಚಿದ ತೊಟ್ಟಿಯಿದೆ. ಆ ಪೈಪನ್ನು ಈ ತೊಟ್ಟಿಗೆ ಬಿಡಬೇಕು ಎಂದೆ.

"ಅಂದ್ರೆ ಅಮ್ಮಾವ್ರೇ, ಕೆಳಗಿನ ನೀರನ್ನ ಮೇಲಕ್ಕೆ ಹತ್ಸಿ, ಮೇಲಿಂದ ಕೆಳಕ್ಕೆ ಬಿಡೋದು?" ಎಂದು ಕೇಳಿದ, ಆಚೆ ಹೊಲದ ಹಕ್ಕಿಗಳೆಲ್ಲ ಎದ್ದು ಹೋಗುವ ಹಾಗೆ.

"ಮೆತ್ತಗೆ ಮಾತಾಡೋ."

"ಮೆತ್ತಗೇ ಕೇಳ್ದೆ."

ಎರಡೂ ತುದಿ ಜೋಡಿಸುವಷ್ಟರಲ್ಲಿ ಸಂಜೆಯಾಯಿತು. ಪಂಪು ಹಾಕಿದಾಗ ಕಲ್ಲುಬಾಯಿ ಒಮ್ಮೆ ಕೆಮ್ಮಿತು, ಆಮೇಲೆ ತೋಳು ದಪ್ಪ ಸುರಿಯಿತು. ನನ್ನ ಬಾಲ್ಯದ ಒರತೆಯೇ. ನೋಡುತ್ತ ನಿಂತುಬಿಟ್ಟೆ.

ಕೆಳಬಾವಿ ನಮ್ಮದೇ, ಅಪ್ಪ ತೋಡಿಸಿದ್ದು. ನಮ್ಮ ಹೊಲ ಉಳುವ ಒಕ್ಕಲು ಮನೆಗಳವರು ಅದರಿಂದ ಸೇದಿಕೊಳ್ಳುತ್ತಾರೆ, ಅಷ್ಟೆ. ನಮ್ಮ ನೀರನ್ನು ನಾವು ಎಲ್ಲಿ ಬೇಕಾದರೂ ಹರಿಸಬಹುದು. ನಾನೇನು ಯಾರ ಮನೆಗೂ ಕನ್ನ ಹಾಕಿಲ್ಲವಲ್ಲ, ತಮ್ಮಾ.

ಫೆಬ್ರವರಿ ೨೭

ನಕ್ಷೆ ಮೇಡಂ ಬಂದಿದ್ದಳು, ಹೇಳಿದ ಹಾಗೆ ಹೇಳದೆ. ಬಂದವಳೇ ಕಲ್ಲುಬಾಯಿಗೆ ಹೋಗಿ ಬೊಗಸೆ ಒಡ್ಡಿದಳು. ನಮ್ಮ ಮನೆಯ ರೂಢಿ ಕಲಿತುಬಿಟ್ಟಿದ್ದಾಳೆ. ಕುಡಿದು, "ಬೇಸಿಗೇಲಿ ಜಾಸ್ತಿನೇ ಆಗಿದೆಯಲ್ಲ" ಎಂದಳು. ಸಂಜೆ ಮೋಟಾರಿಗೆ ಹೇಳಿ ಕಡಿಮೆ ಮಾಡಿಸಿದೆ. ಸುಳ್ಳಿಗೂ ಹದ ಬೇಕು.

ಜೊತೆಯಲ್ಲಿ ದಿಮ್ಮಿಮರದ ಕಾಡು ಸುತ್ತಿದೆವು. ಅಜ್ಜ ನೆಟ್ಟ ಮರಗಳನ್ನು ಮೊಮ್ಮಗಳ ಕಾಲದಲ್ಲಿ ಕಡಿಯುವುದು, ಕಡಿದ ಜಾಗದಲ್ಲಿ ಅವಳ ಮೊಮ್ಮಕ್ಕಳಿಗಾಗಿ ನೆಡುವುದು. ನಾವಿರುವ ದೊಡ್ಡ ಮನೆಯ ಮಾಡು ಯಾವಾಗ ಬಿಚ್ಚಬೇಕು, ಕಣಜದ ಕಟ್ಟಡದಲ್ಲಿ ಯಾರು ಇರಬೇಕು, ಎಲ್ಲಕ್ಕೂ ಆಕೆಯ ಹತ್ತಿರ ಬಣ್ಣದ ಗೆರೆಗಳಿವೆ. ನೀಲಿ ಗೆರೆ ಒರತೆಯದು. ಅದು ಗುಡ್ಡದಿಂದ ಹೊರಟು ತೋಟಕ್ಕೆ, ನರ್ಸರಿಗೆ, ದೊಡ್ಡ ಮನೆಗೆ ಕವಲೊಡೆದಿದೆ. ಕಾಗದದ ಮೇಲೆ ಎಷ್ಟು ಚೆಂದ ಹರಿಯುತ್ತದೆ! ನಾನು ಬೆರಳಿಟ್ಟು ಅದರ ಉದ್ದಕ್ಕೂ ಹೋದೆ. ಆಕೆ ಯಾವಾಗ ಬಂದಾಳೋ ಎಂದು ಪಂಪು ದಿನವೂ ಓಡುತ್ತಿದೆ. ಹೆಚ್ಚಾದ ನೀರು ಗುಡ್ಡದ ಒಣಹುಲ್ಲಿಗೆ ಹೋಗುತ್ತದೆ.

ಮಾರ್ಚ್ ೪

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆಯೂ ಇಲ್ಲ.

ಕೆಳಮನೆಯಾಕೆ ಬಂದಿದ್ದಳು. ಒಕ್ಕಲು ಮನೆಗಳಲ್ಲಿ ಬಾವಿಗೆ ಹತ್ತಿರದ ಮನೆ ಅವಳದು. ನನಗಿಂತ ಚಿಕ್ಕವಳು, ಆದರೂ ಅವಳ ಮೊಣಕಾಲೂ ನನ್ನ ಮೊಣಕಾಲೂ ಒಂದೇ ವಯಸ್ಸಿನವು ಎಂದು ನಾವಿಬ್ಬರೂ ನಗಾಡುವುದುಂಟು. ಇವತ್ತು ನಗಲಿಲ್ಲ. ಹಿತ್ತಿಲ ಬಾಗಿಲಲ್ಲಿ ಎರಡು ಖಾಲಿ ಕೊಡ ಇಟ್ಟುಕೊಂಡು, ಕೇಳುವುದೋ ಬೇಡವೋ ಎಂಬಂತೆ ನಿಂತಿದ್ದಳು. ಬಾವಿ ಯಾಕೋ ಇಳಿದುಹೋಗಿದೆಯಂತೆ. ಹಗ್ಗಕ್ಕೆ ಹಗ್ಗ ಗಂಟು ಹಾಕಿದರೂ ಕೊಡದಲ್ಲಿ ಬರುವುದು ಕೆಸರಂತೆ. ಮಗಳು ಬಾಣಂತಿ, ಮಗುವಿನ ಬಟ್ಟೆ ಒಗೆಯಲೂ ನೀರಿಲ್ಲವಂತೆ. ಪಂಪು ಓಡುತ್ತಿರುವುದು ಯಾತಕ್ಕೆಂದು ಅವಳು ಕೇಳಲಿಲ್ಲ.

"ನಾವೇನಾದ್ರೂ ಜಾಸ್ತಿ ಸೇದಿಬಿಟ್ವೋ ಏನೋ ಅಮ್ಮಾವ್ರೇ. ನಿಮ್ಮ ಒರತೆ ನೀರು ಎರಡು ಕೊಡ ತಗೊಂಡು ಹೋಗ್ಲಾ?"

ಹೂಂ ಎಂದೆ. ಆಕೆ ಗುಡ್ಡ ಹತ್ತಿ, ಕಲ್ಲುಬಾಯಿಯಿಂದ ತುಂಬಿಕೊಂಡು, ನೀರು ಚೆಲ್ಲದ ಹಾಗೆ ಬಲು ಜೋಪಾನವಾಗಿ ಇಳಿದು ಬಂದಳು. ಹಿತ್ತಿಲಲ್ಲಿ ಕೊಡ ಇಳಿಸಿ ಉಸಿರು ತಿರುಗಿಸಿಕೊಂಡು ಒಂದು ಗುಟುಕು ಕುಡಿದಳು.

"ಏನೇ ಅನ್ನಿ, ನಿಮ್ಮ ಒರತೆ ನೀರಿನ ರುಚಿನೇ ಬೇರೆ. ಉಪಕಾರ ಆಯ್ತು ಅಮ್ಮಾವ್ರೇ."

ಮಾರ್ಚ್ ೫

ರುಚಿನೇ ಬೇರೆ ಎಂದಳಲ್ಲ.

ಮಾರ್ಚ್ ೯

ಮೂರು ದಿನ ಪಂಪು ನಿಲ್ಲಿಸಿದ್ದೆ. ಬಾವಿ ಸ್ವಲ್ಪ ಏರಿತು ಎಂದು ಮೋಟಾರು ಬಂದು ಹೇಳಿದ. ಅವನು ಹೇಳಿದ್ದು ನನಗೊಬ್ಬಳಿಗೇ ಆದರೂ ಕೇಳಿಸಿಕೊಂಡವರು ಬಹಳ. ನನ್ನ ಜೀವಕ್ಕೂ ತುಸು ಹಗುರವಾಗಿತ್ತು.

ಸಂಜೆ ತಮ್ಮನ ಮಗನ ಫೋನು. ಬುಧವಾರ ಎಲ್ಲರೂ ಬರುತ್ತಾರೆ, ನೀರು ಅಳೆದು ಯೋಜನೆಗೆ ರುಜು ಹಾಕುವುದಂತೆ. ಮೊಮ್ಮಗಳು ರಾಜೀನಾಮೆ ಬರೆದಿಟ್ಟುಕೊಂಡಿದ್ದಾಳೆ, ರುಜು ಆದ ಮರುದಿನ ಕೊಡುತ್ತಾಳೆ. "ಅತ್ತೆ, ಕ್ವಾರಿಯವ್ರಿಗೆ ಇಲ್ಲ ಅಂದ್ಬಿಟ್ಟೆ. ನಿಮ್ಮ ಮಾತಿನ ಮೇಲೆ" ಎಂದ. ನನ್ನ ಮಾತಿನ ಮೇಲೆ! ಆ ಮಾತು ನಿಂತಿರುವುದು ಯಾವುದರ ಮೇಲೆಂದು ನನಗೆ ಗೊತ್ತು, ಮೋಟಾರಿಗೆ ಗೊತ್ತು.

ಪಂಪು ಹಾಕಿಸಿದೆ.

ಮಾರ್ಚ್ ೧೨

ಮೊಮ್ಮಗಳು ಒಂದು ದಿನ ಮೊದಲೇ ಬಂದಳು. ಚೀಲ ಇಳಿಸುವ ಮೊದಲೇ ನನ್ನ ಕೈ ಹಿಡಿದು ಗುಡ್ಡಕ್ಕೆ ಎಳೆದುಕೊಂಡು ಹೋದಳು. ಯಾವ ಸಾಲಿನಲ್ಲಿ ಯಾವ ಗಿಡ, ಯಾವುದರ ಕಾಂಡಕ್ಕೆ ಯಾವುದರ ಕಸಿ, ಎಲ್ಲವನ್ನೂ ಬರಿಗಾಳಿಯಲ್ಲಿ ನೆಟ್ಟು ತೋರಿಸಿದಳು. "ಇಲ್ಲಿ ನಿಮಗೊಂದು ಕಲ್ಲುಬೆಂಚು, ಅಜ್ಜಿ. ಕೂತ್ಕೊಂಡು ಎಲ್ಲರ ಮೇಲೂ ರೇಗಾಡ್ಬಹುದು" ಎಂದಳು.

ಆಮೇಲೆ ಕಲ್ಲುಬಾಯಿಗೆ ಬೊಗಸೆ ಒಡ್ಡಿದಳು. ಒಡ್ಡಿದವಳು ಹಾಗೇ ನಿಂತಳು. ಬಿಸಿಲಲ್ಲಿ ಬಿದ್ದ ಪೈಪಿನೊಳಗಿಂದ ಬಂದ ನೀರು, ಬೆಚ್ಚಗಿತ್ತು. ಒರತೆಯ ನೀರು ಎಂದಾದರೂ ಬೆಚ್ಚಗಿರುತ್ತದೆಯೇ? ಚಿಕ್ಕವಳಿದ್ದಾಗ ಇದರಲ್ಲಿ ಮುಖ ತೊಳೆದು ಹಲ್ಲು ಕಟಕಟಿಸುತ್ತಿದ್ದವಳು ಅವಳು. ತಲೆ ಎತ್ತಿ ನನ್ನನ್ನು ನೋಡಿದಳು, ಚಪ್ಪಡಿಯನ್ನು ನೋಡಿದಳು. ಬೊಗಸೆಯಲ್ಲಿದ್ದುದನ್ನು ಪೂರ್ತಿ ಕುಡಿದಳು.

ದಾರಿಯುದ್ದಕ್ಕೂ ಬೇರೆಯೇ ಮಾತಾಡಿದಳು. ನಾನು ಕನ್ನಡಕ ಒರೆಸಿದೆ, ಯಾವ ಸುಳ್ಳನ್ನೂ ಹೇಳದೆ.

ಮಾರ್ಚ್ ೧೩

ನಕ್ಷೆ ಮೇಡಂ ಕಲ್ಲುಬಾಯಿಯ ಕೆಳಗೆ ಬಕೆಟ್ ಇಟ್ಟು ಗಡಿಯಾರ ಹಿಡಿದಳು. ತಮ್ಮನ ಮಗ ಪಕ್ಕದಲ್ಲಿ ನಿಂತಿದ್ದ. ಬಕೆಟ್ ತುಂಬಿತು. ಆಕೆ ಬೆರಳದ್ದಿ, ನೀರು ಸ್ವಲ್ಪ ಬೆಚ್ಚಗಿದೆಯಲ್ಲ ಎಂದಳು. ಅನುಮಾನದಿಂದ ಅಲ್ಲ, ಸುಮ್ಮನೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ಹೇಳಿದಳು: "ಬಿಸಿಲಿಗೆ ಕಲ್ಲು ಕಾಯುತ್ತೆ ಮೇಡಂ. ನಾನು ಚಿಕ್ಕವಳಿದ್ದಾಗಿಂದ ಹೀಗೇ ಇದೆ."

ಅವಳ ದನಿ ಅಲ್ಲಾಡಲಿಲ್ಲ, ಕೈ ಎಲ್ಲಿಗೂ ಹೋಗಲಿಲ್ಲ. ನನಗಿಂತ ಚೆನ್ನಾಗಿ ಹೇಳಿದಳು. ನಕ್ಷೆ ಮೇಡಂ ಬರೆದುಕೊಂಡಳು. ಅವಳಪ್ಪ ತಲೆಯಾಡಿಸಿದ. ಇಳಿಯುವಾಗ ಅವಳು ನನ್ನ ತೋಳು ಹಿಡಿದು ನಡೆಸಿದಳು, ಎಡವುತ್ತೇನೇನೋ ಎಂಬಂತೆ. ನಿಮ್ಮ ಮಾನ ಉಳಿಸಿದೆ ಎಂದು ಅವಳ ಕೈ ಹೇಳುತ್ತಿತ್ತು.

ಐವತ್ತು ವರ್ಷಕ್ಕೆ ಏನೇನು ಉಳಿಸಿಹೋಗಬೇಕೆಂದು ತಿಂಗಳಿಡೀ ಲೆಕ್ಕ ಹಾಕಿದೆವು. ಅವಳ ಕೈಗೆ ದಾಟಿದ್ದು ಈ ಸುಳ್ಳು. ಕೊಟ್ಟವಳು ನಾನು. ನಾಳೆ ಬೆಳಿಗ್ಗೆ ರುಜು.

ಮಾರ್ಚ್ ೧೪

ರುಜು ಹಾಕುವ ಮೊದಲು ಒಮ್ಮೆ ಗುಡ್ಡಕ್ಕೆ ಬನ್ನಿ ಎಂದು ಎಲ್ಲರನ್ನೂ ಕರೆದೊಯ್ದೆ. ಮೋಟಾರಿಗೆ ಪಂಪಿನ ಹತ್ತಿರ ನಿಂತಿರು, ಕೈ ಬೀಸಿದಾಗ ಆರಿಸು ಎಂದಿದ್ದೆ. ಗುಟ್ಟಾಗಿ ಮುಗಿಸಬಹುದೆಂದು ಆಗಲೂ ಲೆಕ್ಕ ಹಾಕುತ್ತಿದ್ದೆನಲ್ಲ! ಕೈ ಬೀಸಿದೆ. ಅವನಿಗೆ ಅರ್ಥವಾಗಲಿಲ್ಲವೋ, ಧೈರ್ಯವಾಗಲಿಲ್ಲವೋ, ಕೆಳಗಿನಿಂದ ಕೂಗಿದ: "ನಿಲ್ಲಿಸ್ಲಾ ಅಮ್ಮಾವ್ರೇ?"

ಒಕ್ಕಲು ಮನೆಗಳ ಬಾಗಿಲಿಗೆಲ್ಲ ಜನ ಬಂದರು. ನಾನೂ ಕೂಗಬೇಕಾಯಿತು.

"ನಿಲ್ಸು!"

ನನ್ನ ದನಿ ಗುಡ್ಡಕ್ಕೆ ಬಡಿದು ತಿರುಗಿ ನನ್ನ ಕಿವಿಗೇ ಬಂತು. ಪಂಪಿನ ಸದ್ದು ನಿಂತಿತು. ಎಲ್ಲರೂ ಕಲ್ಲುಬಾಯಿಯನ್ನೇ ನೋಡಿದರು. ನೀರು ತೆಳುವಾಯಿತು, ಕೋಲಿನಷ್ಟಾಯಿತು, ತುಂಡು ತುಂಡಾಯಿತು. ಆಮೇಲೆ ಕಲ್ಲಿನ ಒಂದು ಮೂಲೆಯಿಂದ ದಾರದಂಥದ್ದು ಉಳಿಯಿತು. ಮೊಮ್ಮಗಳು ಮಾತ್ರ ಅದಕ್ಕೆ ಅಂಗೈ ಒಡ್ಡಿದಳು.

"ತಣ್ಣಗಿದೆ" ಎಂದಳು.

"ಅದಿಷ್ಟೇ ನಮ್ಮದು. ಮಿಕ್ಕಿದ್ದು ಅವರ ಬಾವೀದು. ಇದೂ ಮಧ್ಯಾಹ್ನಕ್ಕೆ ನಿಲ್ಲುತ್ತೆ" ಎಂದೆ.

ತಮ್ಮನ ಮಗ ನನ್ನ ಕಡೆ ತಿರುಗಿದ. "ನನಗೊಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ಹೇಳಿದ್ರೆ ಗುಡ್ಡ ಮಾರ್ತಿದ್ದೆ."

"ಹೂಂ, ಮಾರ್ತಿದ್ದೆ." ಅವನು ಅದನ್ನು ಮುಚ್ಚಿಡಲಿಲ್ಲ. ನಮ್ಮ ಮನೆಯಲ್ಲಿ ಒಬ್ಬನಿಗಾದರೂ ನೆಟ್ಟಗೆ ಮಾತಾಡಲು ಬರುತ್ತದೆ.

ಮೊಮ್ಮಗಳು ನನ್ನ ಮುಖ ನೋಡಲಿಲ್ಲ. ಕಾರು ಹತ್ತುವ ಮೊದಲು ಬಂದು, "ನಿನ್ನೆ ನಾನು ಹಾಗಂದಿದ್ದು ಯಾರಿಗೋಸ್ಕರ ಅಂತ ಗೊತ್ತಾ ನಿಮಗೆ? ಎಲ್ಲರೆದುರಿಗೂ ನನ್ನ ಮುಖ ಎಲ್ಲಿಡ್ಲಿ?" ಎಂದಳು. ರಾಜೀನಾಮೆ ಅವಳ ಚೀಲದಲ್ಲೇ ಪಟ್ಟಣಕ್ಕೆ ವಾಪಸಾಯಿತು.

ಮಾರ್ಚ್ ೧೬

ಕೆಳಮನೆಗೆ ಹೋದೆ. ಏನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡದ್ದೆಲ್ಲ ಹೊಸ್ತಿಲಲ್ಲೇ ಉದುರಿಹೋಯಿತು. ಮಗು ಮಲಗಿತ್ತು. ಆಕೆ ನನಗೆ ಮಣೆ ಹಾಕಿ ತಾನು ನಿಂತೇ ಕೇಳಿದಳು. ಪೈಪು, ತೊಟ್ಟಿ, ಒಣಹುಲ್ಲಿಗೆ ಹೋದ ನೀರು, ಎಲ್ಲ ಹೇಳಿದೆ. ಬಯ್ಯುತ್ತಾಳೆಂದುಕೊಂಡಿದ್ದೆ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನಾನು ನಿಮಗೆ ಉಪಕಾರ ಆಯ್ತು ಅಂದೆನಲ್ಲ" ಎಂದಳು, ತನ್ನ ತಪ್ಪನ್ನು ನೆನೆಸಿಕೊಂಡವಳ ಹಾಗೆ.

ಮಗು ಎದ್ದು ಅಳತೊಡಗಿತು. ಆಕೆ ಒಳಗೆ ಹೋದಳು, ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, ಮಣೆಯನ್ನು ಗೋಡೆಗೆ ಒರಗಿಸಿಟ್ಟು ಬಂದೆ.

ಮಾರ್ಚ್ ೧೭, ೧೮, ೧೯

ಏನಿಲ್ಲ.

ಏಪ್ರಿಲ್ ೨

ನಕ್ಷೆ ಮೇಡಂ ಹೊಸ ನಕ್ಷೆ ತಂದಿದ್ದಳು. ಆಕೆ ನನ್ನನ್ನು ಇನ್ನು ನಂಬುವುದಿಲ್ಲ. ಒಂದು ಗಡಿಕಲ್ಲು ಎಲ್ಲಿದೆ ಎಂದು ತೋರಿಸಿದರೂ ತಾನೇ ಹೋಗಿ ಮುಟ್ಟಿ ನೋಡಿ ಬಂದಳು. ಅದು ನ್ಯಾಯವೇ.

ನೀಲಿ ಗೆರೆ ಈಗ ಕೆಳಬಾವಿಯಿಂದ ಹೊರಡುತ್ತದೆ. ಗುಡ್ಡದ ಮೇಲೆ ಬಿದ್ದ ಮಳೆಯೇ ಇಂಗಿ ಆ ಬಾವಿಗೆ ಇಳಿಯುವುದಂತೆ. ಗುಡ್ಡ ಒಡೆದರೆ ಬಾವಿಯೂ ಹೋಗುತ್ತದಂತೆ. ಅದಕ್ಕೆ ಕ್ವಾರಿ ಬೇಡ, ನೀರು ಕೇಳುವ ತೋಟವೂ ಬೇಡ, ಮಳೆಯಲ್ಲೇ ಬೆಳೆಯುವ ಕಾಡುಮರ ಬಿಡೋಣ ಎಂದಳು. ಒರತೆ ಮತ್ತೆ ಬಂದೀತೇ ಎಂದು ಕೇಳಿದೆ. ಬಂದರೂ ಇಲ್ಲಿ ಕೂತಿರುವ ಯಾರಿಗೂ ಕುಡಿಯಲು ಸಿಗಲಿಕ್ಕಿಲ್ಲ ಎಂದಳು. ತಮ್ಮನ ಮಗ ಹತ್ತು ವರ್ಷ ಕಾಯುತ್ತೇನೆ, ಆಮೇಲೆ ನೋಡೋಣ ಎಂದ. ಅವನಿಂದ ಅಷ್ಟೇ ದೊಡ್ಡದು.

ಯೋಜನೆಯಲ್ಲಿ ಮೊದಲ ಸಾಲು ಏನಿರಬೇಕೆಂದು ಕೇಳಿದಾಗ, ಬಾವಿಯನ್ನು ಒಕ್ಕಲು ಮನೆಗಳ ಹೆಸರಿಗೇ ಬರೆಯಿರಿ, ಬೇಸಿಗೆಯಲ್ಲಿ ದೊಡ್ಡ ಮನೆಯವರೂ ಅವರಂತೆ ಪಾಳಿಯಲ್ಲಿ ಸೇದಿಕೊಳ್ಳಲಿ ಎಂದೆ. ತಮ್ಮನ ಮಗ ಹುಬ್ಬೇರಿಸಿದ. "ಸೇದೋರು ಯಾರು?" ಎಂದ. ನನ್ನ ಕೈಯನ್ನು ತೋರಿಸಿದೆ.

ಮೋಟಾರು ಬಾವಿಯ ಪಂಪು ಬಿಚ್ಚಿ ಕಣಜಕ್ಕೆ ಸಾಗಿಸಿದ. "ಇನ್ಮೇಲೆ ನಮ್ಮನ್ನ ಬತ್ತಿದ ಒರತೆ ಮನೆಯವ್ರು ಅಂತಾರೆ ಅಮ್ಮಾವ್ರೇ" ಎಂದ, ಅವನ ಲೆಕ್ಕದಲ್ಲಿ ಪಿಸುಮಾತಿನಲ್ಲಿ. ಅನ್ನಲಿ.

ಮೊಮ್ಮಗಳು ಬಂದಿರಲಿಲ್ಲ. ಒಂದು ಪೆಟ್ಟಿಗೆ ತುಂಬ ಕಾಡುಮರದ ಬೀಜ ಕಳಿಸಿದ್ದಳು. ಬಿತ್ತುವ ಮೊದಲು ನೆನೆಹಾಕಿ ಎಂದಷ್ಟೇ ಹೇಳಿಕಳಿಸಿದ್ದಳು, ಅದೂ ಅವಳಪ್ಪನ ಬಾಯಲ್ಲಿ.

ಏಪ್ರಿಲ್ ೨೦

ಕಲ್ಲುಬಾಯಿ ಪೂರ್ತಿ ಒಣಗಿತು. ತಿಳಿದದ್ದೇ. ಚಿಕ್ಕ ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಮೋಟಾರು ತಾನು ತರುತ್ತೇನೆಂದ, ಬೇಡವೆಂದೆ.

ಬಾವಿಯ ಹತ್ತಿರ ಐದಾರು ಹೆಂಗಸರಿದ್ದರು. ಜೋರಾಗಿದ್ದ ಮಾತು ನನ್ನನ್ನು ಕಂಡು ನಿಂತಿತು. ಮೊದಲಾಗಿದ್ದರೆ ಎಲ್ಲರೂ ಸರಿದು ದಾರಿ ಬಿಡುತ್ತಿದ್ದರು. ಕೆಳಮನೆಯಾಕೆ ಹಗ್ಗ ಎಳೆಯುತ್ತಲೇ, "ಪಾಳಿ ಇದೆ ಅಮ್ಮಾವ್ರೇ" ಎಂದಳು.

ಕೊನೆಯವಳ ಹಿಂದೆ ನಿಂತೆ. ಬಿಸಿಲು ನೆತ್ತಿಗೆ ಬಂತು. ಸ್ವಲ್ಪ ಹೊತ್ತಿಗೆ ಅವರ ಮಾತು ಮತ್ತೆ ಶುರುವಾಯಿತು, ಯಾರದೋ ಮಗು ಹಲ್ಲು ಮೂಡುವ ಮೊದಲೇ ಕಚ್ಚುವುದು ಕಲಿತ ಸಮಾಚಾರ. ನನ್ನ ಸರದಿ ಬಂದಾಗ ಆಕೆ ಹಗ್ಗವನ್ನು ನನ್ನ ಕೈಗೇ ಕೊಟ್ಟಳು. ಸೇದಿ ಎಷ್ಟು ವರ್ಷವಾಗಿತ್ತೋ, ಅಂಗೈ ಉರಿಯಿತು, ಕೊಡ ಗೋಡೆಗೆ ಬಡಿದು ಅರ್ಧವೇ ಮೇಲೆ ಬಂತು. ಯಾರೂ ನಗಲಿಲ್ಲ. ಆಕೆ ಬಂದು ಪಕ್ಕದಲ್ಲಿ ನಿಂತು, ಇನ್ನೊಂದು ಸಲ ಬಿಡಿ ಎಂದಳು. ಬಿಟ್ಟೆ. ತುಂಬಿತು.

"ಉಪಕಾರ ಆಯ್ತು" ಎಂದೆ.

ಆಕೆ ಹಗ್ಗ ಸುತ್ತುತ್ತ ನನ್ನ ಕಡೆ ನೋಡದೆ ಹೇಳಿದಳು: "ನಿಮ್ಮ ಪಾಳಿ ನೀರು. ಉಪಕಾರ ಯಾಕೆ?"

ಮನೆ ಸೇರುವ ತನಕ ತಲೆ ಎತ್ತಲಿಲ್ಲ. ಕೊಡ ತುಳುಕುತ್ತಿತ್ತು, ಅದನ್ನೇ ನೋಡಿಕೊಂಡು ಬಂದೆ. ಒಂದು ಪಾತ್ರೆಯಲ್ಲಿ ಬೀಜ ನೆನೆಹಾಕಿದ್ದೇನೆ. ಮಿಕ್ಕ ನೀರು ನಾಳೆ ಪಾಳಿ ಬರುವ ತನಕ ಸಾಕು.